ಕೆಳಗೆ ನಾನಿದೀನಿ

ಸುಧಾಳ ದನಿಯನ್ನು ಚನ್ನಗಿರಿಯವರೆಲ್ಲ ದಿನಾ ಬೆಳಿಗ್ಗೆ ಕೇಳುತ್ತಿದ್ದರು. ಅದು ಯಾರ ದನಿ ಎಂದು ಮಾತ್ರ ಹೆಚ್ಚಿನವರಿಗೆ ಗೊತ್ತಿರಲಿಲ್ಲ. ಕಸದ ಗಾಡಿ ಓಣಿಗೆ ತಿರುಗುತ್ತಿದ್ದಂತೆ ಅದರ ತಲೆಯ ಮೇಲಿನ ಸ್ಪೀಕರಿನಿಂದ, "ಹಸಿ ಕಸ ಬೇರೆ, ಒಣ ಕಸ ಬೇರೆ ತನ್ನಿ ತಾಯಂದಿರೇ" ಎನ್ನುತ್ತಿದ್ದವಳು ಅವಳೇ. ಜನ ಒಲೆಯ ಮೇಲಿನ ಹಾಲು ಬಿಟ್ಟು ಬಕೆಟ್ಟು ಹಿಡಿದು ಓಡಿ ಬರುತ್ತಿದ್ದರು. ಅವಳೂ ತನ್ನದೇ ದನಿ ಕೇಳಿ ಬಕೆಟ್ಟು ಹಿಡಿದು ಹೋಗುತ್ತಿದ್ದಳು.

ಮನೆಯೊಳಗೆ ಆ ದನಿಗೆ ಅಷ್ಟು ಬೆಲೆ ಇರಲಿಲ್ಲ. ಅವಳು ಏನೇ ಹೇಳಿದರೂ ಗಂಡ ಯರ್ರಿಸ್ವಾಮಿ ಟೀವಿಯಿಂದ ಕಣ್ಣು ಕೀಳದೆ ಮೊದಲು "ಏನಂದೆ?" ಎನ್ನುತ್ತಿದ್ದ. ಹರಿಹರದಲ್ಲಿ ಕೆಲಸಕ್ಕಿದ್ದ ಮಗ ಫೋನಿನಲ್ಲಿ ಎಲ್ಲಕ್ಕೂ "ಹ್ಞೂಂ" ಎಂದು ಹೇಳಿ ಇಟ್ಟುಬಿಡುತ್ತಿದ್ದ. ಹೇಳಿದ್ದನ್ನೇ ಮತ್ತೆ ಹೇಳದೆ ಯಾವ ಕೆಲಸವೂ ಆಗದ ಮನೆಯಲ್ಲಿ ಬಾಳಿದ ಹೆಂಗಸಿಗೆ, ಒಂದೇ ಮಾತಿಗೆ ಎದ್ದು ಬರುವವರು ಎಲ್ಲೋ ಇದ್ದಾರೆ ಎನ್ನುವುದು ಸಣ್ಣ ಸಂಗತಿಯಲ್ಲ.

ಕಸದ ಗಾಡಿಗೆ ಅವಳ ದನಿ ಹಿಡಿದುಕೊಟ್ಟವನು ಹೊನ್ನಾಳಿಯ ಮಾರುತೇಶ್. ಸೇತುವೆಯ ಹತ್ತಿರ ಬಟ್ಟೆ ಅಂಗಡಿಯೊಂದರ ಮಹಡಿಯಲ್ಲಿ, ಗೋಡೆಗೆಲ್ಲ ಮೊಟ್ಟೆ ಟ್ರೇ ಅಂಟಿಸಿದ ಪುಟ್ಟ ಕೋಣೆ ಅವನದು. ಚುನಾವಣೆಯ ಪ್ರಚಾರ, ಅಂಗಡಿಗಳ ಜಾಹೀರಾತು, ಸತ್ತವರ ನೆನಪಿನ ವಿಡಿಯೊ ಎಲ್ಲವೂ ಅಲ್ಲೇ ತಯಾರಾಗುತ್ತಿದ್ದವು. ಹೋದ ವರ್ಷ ಅವನು ಫೋನ್ ಮಾಡಿ, "ಅಕ್ಕಾರೆ, ಈ ಸಲ ಕಸ ಅಲ್ಲ, ಆಟ" ಎಂದಿದ್ದ.

ಆಟ ಜಪಾನಿನದು, ಬಹಳ ಹಳೆಯದು. ಟೀವಿಗೆ ಡಬ್ಬಿ ಸಿಕ್ಕಿಸಿ ಆಡುತ್ತಿದ್ದ ಕಾಲದ್ದು. ಹಳದಿ ಅಂಗಿಯ ಒಂದು ಪುಟ್ಟ ಕೂಸು ಎಡದಿಂದ ಬಲಕ್ಕೆ ಓಡುತ್ತದೆ, ಬಂಡೆ ಹತ್ತುತ್ತದೆ, ಗುಂಡಿ ದಾಟುತ್ತದೆ. ದಾಟಲಾಗದೆ ಬಿದ್ದರೆ ಒಂದು ಜೀವ ಹೋಯಿತು. ಇಷ್ಟೇ ಆಟ. ಅದನ್ನೀಗ ಒಂದು ಕಂಪನಿ ಫೋನಿಗೆ ಇಳಿಸಿ, 'ಪಾತಾಳದ ಓಟ' ಎಂದು ಹೆಸರಿಟ್ಟು, ನಮ್ಮ ದೇಶದ ಭಾಷೆಗಳಿಗೆಲ್ಲ ತರುತ್ತಿತ್ತು. ಕನ್ನಡದಲ್ಲೇ ಮಂಗಳೂರಿನದೊಂದು, ಧಾರವಾಡದ್ದೊಂದು, ನಮ್ಮ ಕಡೆಯದೊಂದು. ನಮ್ಮ ಕಡೆಯದಕ್ಕೆ ಸುಧಾಳ ದನಿ.

"ಗುಂಡಿಯೊಳಗೂ ಎರಡು ಜಾತಿ ಅದಾವೆ ಅಕ್ಕಾರೆ," ಎಂದು ಮಾರುತೇಶ್ ಪರದೆ ತೋರಿಸಿದ. "ಒಂದು, ಬಿದ್ದರೆ ಸತ್ತಂಗೇ. ಇನ್ನೊಂದರ ತಳದಾಗೆ ನೀರಿನ ಕೋಣೆ ಐತೆ. ಹಣ್ಣು, ಹೊಸ ಜೀವ, ಎಲ್ಲ ಅಲ್ಲೇ. ಅದಕ್ಕೆ ಬೇಕಂತಲೇ ಜಿಗೀಬೇಕು. ಯಾವುದು ಯಾವುದು ಅಂತ ತಿಳಿಯೋದು ಹೆಂಗೆ? ಜಪಾನಿನವರ ಆಟದಾಗೆ ಒಂದು ಹಕ್ಕಿ ಬಂದು ಕೆಳಗೆ ಇಳಿದು ಹೋಗ್ತೈತೆ. ಅಮೆರಿಕದವರಿಗೆ ಅದು ಅರ್ಥ ಆಗ್ಲಿಲ್ಲ ಅಂತ ಬಾಣ ಬರೆದ ಹಲಗೆ ನೆಟ್ರು. ಯುರೋಪಿನಾಗೆ ಆ ಹಲಗೆಗೆ ಐದು ಭಾಷೆ. ನಮ್ಮ ಹುಡುಗರು ಹಲಗೆ ಓದೋರಲ್ಲ, ಕಿವಿ ಕೊಡೋರು. ಇಲ್ಲಿ ನೀವು ಹೇಳ್ಬೇಕು."

ಹಾಳೆಯಲ್ಲಿ 'ಇಲ್ಲಿ ಇಳಿಯಬಹುದು' ಎಂದಿತ್ತು. ಸುಧಾ ಓದಿದಳು. ಮಾರುತೇಶ್ ಮುಖ ಹಿಂಡಿದ.

"ಬಸ್ ಕಂಡಕ್ಟರ್ ಹೇಳ್ದಂಗೆ ಐತೆ. ನಿಮ್ಮವ್ವ ಆಗಿದ್ರೆ ಏನಂತಿದ್ರು? ಅದನ್ನ ಹೇಳ್ರಿ."

ಅವ್ವ ಏನನ್ನುತ್ತಿದ್ದಳೆಂದು ನೆನೆಯುವುದು ಕಷ್ಟವಾಗಲಿಲ್ಲ. ಸುಧಾಳ ತವರು ಜಗಳೂರಿನ ಆಚೆ ಸೊಕ್ಕೆ. ಆಗ ಅವರ ಹೊಲದ ಬಾವಿಯಲ್ಲಿ ನೀರಿತ್ತು. ಅವ್ವ ದುರುಗಕ್ಕ ಸೀರೆಯ ಕಚ್ಚೆ ಕಟ್ಟಿ ನೀರಿಗಿಳಿದು ನಿಲ್ಲುತ್ತಿದ್ದಳು. ಮುಳುಗದಿರಲೆಂದು ಮಕ್ಕಳ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ಮೇಲಿನ ಕಲ್ಲಿನ ಮೇಲೆ ಸಾಲಾಗಿ ನಿಲ್ಲಿಸಿರುತ್ತಿದ್ದರು. ಈಜು ಕಲಿಸುವ ಮನೆಗಳಲ್ಲಿ ಒಂದು ಕಟ್ಟಳೆ: ಕೆಳಗಿದ್ದವರು ಕರೆಯುವ ತನಕ ಯಾರೂ ಜಿಗಿಯಬಾರದು, ಕರೆದ ಮೇಲೆ ಯಾರೂ ನಿಲ್ಲಬಾರದು. ಹೆದರಿ ನಿಂತ ಮಗುವನ್ನು ಊಟದ ಹೊತ್ತಿನಲ್ಲಿ ಎಲ್ಲರೂ ಆಡಿಕೊಂಡು ನಗುತ್ತಿದ್ದರು.

ಸುಧಾ ಕಣ್ಣು ಮುಚ್ಚಿಕೊಂಡು ಮೈಕಿಗೆ ಹೇಳಿದಳು. "ಜಿಗಿ ಮಗಾ. ಕೆಳಗೆ ನಾನಿದೀನಿ."

ಮಾರುತೇಶ್ ರೆಕಾರ್ಡಿಂಗ್ ನಿಲ್ಲಿಸಿದ. ಆಮೇಲೆ ತೋಳು ಚಾಚಿ ತೋರಿಸಿದ. ರೋಮ ನಿಮಿರಿದ್ದವು. "ಇದೇ ಇರ್ಲಿ" ಎಂದ.

ಆಟ ಬಂದ ಮೇಲೆ ನಮ್ಮ ಕಡೆಯ ಕನ್ನಡದ ಪ್ರತಿಯೇ ಎಲ್ಲಕ್ಕಿಂತ ಹೆಚ್ಚು ಓಡಿತು. ಅಂಗಡಿಗಳಲ್ಲಿ, ಬಸ್ಸಿನಲ್ಲಿ, ಅಂಗನವಾಡಿಯ ಜಗುಲಿಯಲ್ಲಿ ಅವಳ ದನಿ ಅವಳಿಗೇ ಎದುರಾಗುತ್ತಿತ್ತು. ಇಂಟರ್ನೆಟ್ ಇಲ್ಲದವರಿಗೆ ಮೊಬೈಲ್ ಅಂಗಡಿಯವರೇ ಮೆಮೊರಿ ಕಾರ್ಡಿಗೆ ಹಾಕಿಕೊಡುತ್ತಿದ್ದರು.

ಬೇಸಿಗೆಯಲ್ಲಿ ನಾದಿನಿ ಸುಂಕಲಮ್ಮನನ್ನು ನೋಡಲು ನ್ಯಾಮತಿಗೆ ಹೋದಾಗ ಓಣಿಯ ಮಕ್ಕಳೆಲ್ಲ ಅವಳನ್ನು ಮುತ್ತಿಕೊಂಡರು.

"ನಮ್ಮತ್ತಿಗಿ ಕಸದ ಗಾಡಿ ಬಿಟ್ಟು ಪಾತಾಳಕ್ಕೆ ಹೋಗ್ಯಾಳೆ," ಎಂದು ಸುಂಕಲಮ್ಮ ಅಡುಗೆಮನೆಯಿಂದಲೇ ನಕ್ಕಳು. "ಮೇಲಕ್ಕೆ ಹೋಗೋರ್ನ ನೋಡೀನಿ, ಕೆಳಕ್ಕೆ ಹೋಗಿ ಹೆಸರು ಮಾಡ್ದೋಳು ನೀನೇ ನೋಡವ್ವ."

ಸುಂಕಲಮ್ಮನ ಮೊಮ್ಮಗಳು ತಾರಸಿಯ ಮೆಟ್ಟಿಲು ಹತ್ತಿ, ಅರ್ಧದಲ್ಲಿ ಹೊರಕ್ಕೆ ತಿರುಗಿ ನಿಂತಿತು. "ಹೇಳ್ರಿ ಅಜ್ಜಿ, ಆಟದಾಗೆ ಹೇಳ್ದಂಗೆ ಹೇಳ್ರಿ."

ಉಳಿದ ಮಕ್ಕಳೆಲ್ಲ ಸುಧಾಳ ಬಾಯನ್ನೇ ನೋಡುತ್ತಿದ್ದರು. ಸುಧಾ ಮೆಟ್ಟಿಲ ಕೆಳಗೆ ಬಂದು ಕೈ ಚಾಚಿ, ನಗುತ್ತ ಹೇಳಿದಳು. ಮಗು ತಕ್ಷಣ ಜಿಗಿಯಿತು. ಅದರ ಭಾರಕ್ಕೆ ಅವಳು ಹಿಂದಕ್ಕೆ ಮುಗ್ಗರಿಸಿ ಗೋಡೆಗೆ ಒರಗಿದಳು, ಆದರೆ ಹಿಡಿದಿದ್ದಳು. ಎದೆಗೆ ಅಪ್ಪಿಕೊಂಡ ಆ ಬಿಸಿ ಮೈ, ಅದರ ಕಿಲಕಿಲ ನಗು ಅವಳಿಗೆ ಬಹಳ ದಿನ ಸಿಗದಿದ್ದ ಏನನ್ನೋ ಕೊಟ್ಟವು. ಚನ್ನಗಿರಿಗೆ ಮರಳುವ ಬಸ್ಸಿನಲ್ಲೂ ಅದೇ ಗುಂಗಿನಲ್ಲಿದ್ದಳು. ಭದ್ರಾ ನಾಲೆ ಪಕ್ಕದಲ್ಲಿ ಓಡತೊಡಗಿದಾಗ ಒಮ್ಮೆಲೆ ಒಂದು ಸಂಗತಿ ಹೊಳೆಯಿತು. ಆ ಮಗು ಜಿಗಿಯುವ ಮೊದಲು ಕೆಳಗೆ ನೋಡಿರಲಿಲ್ಲ. ಕೈ ಚಾಚಿದ್ದನ್ನೂ ನೋಡಿರಲಿಲ್ಲ. ಬರೀ ಕೇಳಿತ್ತು.

ಅಂದಿನಿಂದ ಆ ದನಿ ಕೇಳಿದರೆ ಅವಳಿಗೆ ಖುಷಿಯಾಗುತ್ತಿರಲಿಲ್ಲ. ಹೊನ್ನಾಳಿಯಲ್ಲಿ ಯಾರದೋ ಮಗು ನೀರಿನ ಸಂಪಿನ ಮುಚ್ಚಳ ಸರಿಸಿ ಬಗ್ಗಿತ್ತಂತೆ, ಪಕ್ಕದ ಮನೆಯವರು ನೋಡಿ ಎಳೆದರಂತೆ ಎಂದು ಯಾರೋ ಹೇಳಿದರು. ಮಕ್ಕಳು ಬಗ್ಗದ ಸಂಪು ಯಾವುದು ಎಂದು ಅವಳು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಆಷಾಢ ಕಳೆದು ಮಳೆ ಹಿಡಿದಿದ್ದ ಒಂದು ಸಂಜೆ ಅವ್ವನ ಫೋನ್ ಬಂತು. ದುರುಗಕ್ಕನಿಗೆ ಮಂಡಿನೋವು, ಮನೆ ಬಿಟ್ಟು ಹೋಗುವುದು ಕಡಿಮೆ. ಫೋನಿನಲ್ಲಿ ಮಾತ್ರ ಊರೆಲ್ಲ ಸುತ್ತುತ್ತಿದ್ದಳು. ಈರುಳ್ಳಿ ಸಸಿಯ ಸುದ್ದಿ ಆಯಿತು, ಬಿಳಿಚೋಡಿನ ನೆಂಟರ ಸುದ್ದಿ ಆಯಿತು. ಕೊನೆಗೆ, "ನಿನ್ನ ಸೊಸೆ ಬಲು ಜಾಣೆ ಆಗ್ಯಾಳೆ ಕಣೆ" ಎಂದಳು.

ಸೊಸೆ ಎಂದರೆ ತಮ್ಮ ಕೆಂಚೇಶನ ಮಗಳು, ಆರು ತುಂಬಿದ ದುರ್ಗಾಂಬಿಕಾ. ಮನೆಯಲ್ಲಿ ಅಂಬಿ.

"ಏನ್ಮಾಡಿದ್ಲು?"

"ಅತ್ತೆ ಕರೀತಾಳೆ ಅಂತ ಹೊಂಡದ ದಡದಾಗೆ ಹೋಗಿ ಕುಂತ್ಕತಾಳೆ. ಯಾವ ಅತ್ತೆನೇ ಅಂದ್ರೆ, ಸುಧತ್ತೆ, ನೀರಿನಾಗೆ ಅದಾಳೆ, ಇನ್ನೂ ಕರೆದಿಲ್ಲ ಅಂತಾಳೆ. ನಾನು ಬಾವಿ ಕತೆ ಎಲ್ಲ ಹೇಳೀನಿ. ಕರೆಯೋ ತನಕ ಜಿಗೀಬಾರ್ದು ಅಂತ ಚೆನ್ನಾಗಿ ಹೇಳಿಕೊಟ್ಟೀನಿ. ಕೂಸು ಮಾತು ಮೀರಲ್ಲ ಬಿಡು."

ಹಳೆಯ ಬಾವಿ ಬತ್ತಿ ಮುಚ್ಚಿಹೋಗಿತ್ತು. ಅದರ ಪಕ್ಕದಲ್ಲೇ ಕೆಂಚೇಶ ಕೃಷಿ ಹೊಂಡ ತೆಗೆಸಿದ್ದ. ಈಗ ಆ ಕಡೆ ಹೊಲಹೊಲಕ್ಕೂ ಹೊಂಡ. ನಾಲ್ಕೂ ಕಡೆ ಇಳಿಜಾರು, ಅದರ ಮೇಲೆ ನೀರು ಇಂಗದಂತೆ ಹಾಸಿದ ಕಪ್ಪು ಪ್ಲಾಸ್ಟಿಕ್ಕು. ಬಾವಿಗೆ ಮೆಟ್ಟಿಲಿತ್ತು, ಹಿಡಿಯಲು ಕಲ್ಲಿತ್ತು. ಹೊಂಡಕ್ಕೆ ಏನೂ ಇಲ್ಲ. ಬಿದ್ದ ನಾಯಿ ಕೂಡ ಉಗುರು ಊರಲಾಗದೆ ಜಾರಿ ಜಾರಿ ಸೋಲುತ್ತದೆ.

ಸುಧಾ ಆಗಲೇ ಮಾರುತೇಶನಿಗೆ ಫೋನ್ ಮಾಡಿದಳು. ಆ ಮಾತು ತೆಗೆದು ಬೇರೆ ಹಾಕಬೇಕು, ಇವತ್ತೇ ಬರುತ್ತೇನೆ ಎಂದಳು.

"ಅಕ್ಕಾರೆ, ಆ ಮಾತಿಂದಲೇ ಆಟ ನಿಂತಿರೋದು. ಅದನ್ನ ಕೇಳಿ ತೆಲುಗಿನೋರೂ ಹಂಗೇ ಮಾಡ್ತೀವಿ ಅಂತಿದಾರೆ," ಎಂದು ಮಾರುತೇಶ್ ಮೊದಲು ನಕ್ಕ. ವಿಷಯ ಕೇಳಿದ ಮೇಲೆ ನಗು ನಿಂತಿತು. "ನಾನು ಕಂಪನಿಯೋರಿಗೆ ಹೇಳ್ತೀನಿ. ಹೊಸದು ಹಾಕಿಸ್ಬೋದು. ಆದ್ರೆ ಮೆಮೊರಿ ಕಾರ್ಡಿನಾಗೆ ಹೋಗಿರೋದು? ಅದು ಯಾವ ಯಾವ ಊರಿನಾಗೆ ಐತೋ. ಅದನ್ನ ವಾಪಸ್ ಕರೆಯಾಕೆ ಬರಲ್ಲ ಅಕ್ಕಾರೆ."

ಆಮೇಲೆ ಕೆಂಚೇಶನಿಗೆ ಮಾಡಿದಳು, ಅವನ ಫೋನು ಬಂದ್ ಆಗಿತ್ತು. ಅವನ ಹೆಂಡತಿ ಅಂಜಮ್ಮನಿಗೆ ಮಾಡಿದಳು.

"ಫೋನು ಕೊಡಬ್ಯಾಡ ಅಂಬಿಗೆ," ಎಂದಳು.

"ಫೋನು ಕಸ್ಕಂಡು ವಾರದ ಮೇಲಾತು ಅಕ್ಕ," ಎಂದಳು ಅಂಜಮ್ಮ. ಸ್ವರದಲ್ಲಿ ದಣಿವು. "ಕಸ್ಕಂಡ ಮೇಲೇ ಈ ಹುಚ್ಚು ಹಿಡಿದದ್ದು. ಫೋನಿನಾಗೆ ಕೇಳ್ತಿದ್ದ ದನಿ ಕೇಳ್ತಿಲ್ಲ ಅಂತ ಹೊಂಡದಾಗೆ ಹುಡುಕ್ತಾಳೆ. ಬೈದೆ, ಬಡಿದೆ. ಇವರಿಗೆ ಬೇಲಿ ಕಟ್ರಿ ಅಂದ್ರೆ ನಾಳೆ ನಾಳೆ ಅಂತಾರೆ. ಹೊಂಡದ ಸುತ್ತ ಇದ್ದ ಬಲೆನೂ ಬಿಚ್ಚಿ, ಹಂದಿ ಬರ್ತಾವೆ ಅಂತ ಈರುಳ್ಳಿ ಮಡಿಗೆ ಕಟ್ಟವ್ರೆ. ಇಕಾ, ಈಗ್ಲೂ ಅಲ್ಲೇ ಕುಂತಾಳೆ. ನೀವೇ ಹೇಳ್ರಿ, ನಿಮ್ಮ ಮಾತಾದ್ರೂ ಕೇಳ್ತಾಳೆ. ಸ್ಪೀಕರ್ ಹಾಕ್ತೀನಿ ತಡೀರಿ. ಏ ಅಂಬೀ, ನಿಮ್ಮತ್ತೆ ಮಾತಾಡ್ತಾಳೆ ನೋಡೇ!"

ಫೋನಿನೊಳಗೆ ಗಾಳಿಯ ಸದ್ದು. ಅಂಜಮ್ಮ ನಡೆಯುತ್ತಿದ್ದಳು. ಸುಧಾ ಬಾಯಿ ತೆರೆದಳು. ಬೇಡ ಮಗಾ ಎನ್ನಬೇಕು, ಹಿಂದಕ್ಕೆ ಬಾ ಎನ್ನಬೇಕು. ಸೊಕ್ಕೆಯ ಹೊಲದಲ್ಲಿ ಸಿಗ್ನಲ್ಲು ಮಾತನ್ನು ಕಡಿದು ಕಡಿದು ಕಳಿಸುತ್ತದೆ. ಅರ್ಧ ಗಾಳಿಗೆ ಹೋಗಿ, 'ಮಗಾ' ಎನ್ನುವುದೊಂದೇ ಉಳಿದು, ಆ ದನಿಯಲ್ಲಿ ಆ ದಡದಲ್ಲಿ ಕೇಳಿಸಿದರೆ? ಆ ಕೂಸು ಕಾಯುತ್ತಿದ್ದುದು ಮಾತಿಗಲ್ಲ, ದನಿಗೆ.

ಅವಳು ಫೋನ್ ಕಟ್ ಮಾಡಿದಳು. ಅಂಜಮ್ಮ ಮತ್ತೆ ಮತ್ತೆ ಮಾಡಿದಳು, ಎತ್ತಲಿಲ್ಲ. ಸುಧಾ ಮೆಸೇಜು ಬರೆದಳು. 'ಅವಳನ್ನ ಮನೆಗೆ ಕರ್ಕೊಂಡು ಹೋಗು. ನನ್ನ ದನಿ ಕೇಳಿಸಬೇಡ. ನಾಳೆ ಬರ್ತೀನಿ.'

ಸ್ವಲ್ಪ ಹೊತ್ತಿಗೆ ಅಂಜಮ್ಮನ ಉತ್ತರ ಬಂತು. 'ಕರ್ಕಂಡು ಬಂದೆ. ಒಂದು ಮಾತಾಡಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು ಅಕ್ಕ. ಎಷ್ಟು ದಿನ ಕಟ್ಟಿಹಾಕ್ಲಿ.'

"ಅಂಬಿ ಹೊಂಡದ ಹತ್ರ ಹೋಗ್ತಾಳಂತೆ," ಎಂದಳು ಗಂಡನಿಗೆ.

"ಏನಂದೆ?" ಎಂದ ಯರ್ರಿಸ್ವಾಮಿ.

ಅವಳು ಮತ್ತೆ ಹೇಳಲಿಲ್ಲ.

ಮರುದಿನ ಭಾನುವಾರ. ದಾವಣಗೆರೆಯಲ್ಲಿ ಬಸ್ಸು ಬದಲಿಸಿ, ಜಗಳೂರಿನಲ್ಲಿ ಮತ್ತೊಂದು ಹಿಡಿದಳು. ಯಾವಾಗಲೂ ಪಕ್ಕದವರೊಡನೆ ಮಾತು ಬೆಳೆಸುತ್ತಿದ್ದವಳು ಅಂದು ಟಿಕೆಟ್ಟಿಗೂ ಊರಿನ ಹೆಸರನ್ನು ಪಿಸುಗುಟ್ಟಿದಳು. ಕಂಡಕ್ಟರು, "ಗಂಟಲು ಕಟ್ಟೈತೇನ್ರವ್ವ?" ಎಂದ. ಹೌದೆಂದು ತಲೆಯಾಡಿಸಿದಳು. ಕಿಟಕಿಯಾಚೆ ಮೆಕ್ಕೆಜೋಳದ ನಡುವೆ ಅಲ್ಲಲ್ಲಿ ಕಪ್ಪು ಅಂಚಿನ ನೀರು ಮಿಂಚಿ ಮರೆಯಾಗುತ್ತಿತ್ತು. ಇಷ್ಟೊಂದು ಹೊಂಡಗಳಿವೆ ಎಂದು ಅವಳು ಈವರೆಗೆ ಗಮನಿಸಿರಲೇ ಇಲ್ಲ.

ಹೊಲ ಊರಿಗಿಂತ ಮೊದಲೇ ಸಿಗುತ್ತದೆ. ರಸ್ತೆಯಲ್ಲೇ ಇಳಿದು ಬದುವಿನ ಮೇಲೆ ನಡೆದಳು. ಬಿಸಿಲು ನೆತ್ತಿಗೆ ಬಂದಿತ್ತು. ದೂರದ ಈರುಳ್ಳಿ ಮಡಿಯಲ್ಲಿ ಅಂಜಮ್ಮ ಬಗ್ಗಿ ಕಳೆ ಕೀಳುತ್ತಿದ್ದಳು. ಅವಳ ಹತ್ತಿರ, ಬೇವಿನ ಮರದ ನೆರಳಲ್ಲಿ ಹಾಸಿದ ಚಾಪೆ ಖಾಲಿ ಇತ್ತು.

ಅಂಬಿ ಹೊಂಡದ ಏರಿಯ ಮೇಲೆ ನಿಂತಿದ್ದಳು.

ಬೆನ್ನಿಗೆ ಅಡುಗೆ ಎಣ್ಣೆಯ ಖಾಲಿ ಕ್ಯಾನು. ಯಾವುದೋ ಹಳೆಯ ಸೀರೆಯ ಅಂಚಿನಿಂದ ತಾನೇ ಬಿಗಿದುಕೊಂಡಿದ್ದಳು. ಅದಕ್ಕೆ ಮುಚ್ಚಳ ಇರಲಿಲ್ಲ. ಎರಡೂ ಪಾದ ಜೋಡಿಸಿ, ಬೆರಳ ತುದಿಯನ್ನು ಪ್ಲಾಸ್ಟಿಕ್ಕಿನ ಅಂಚಿಗೆ ಸರಿಯಾಗಿ ಇಟ್ಟು, ಕತ್ತು ಓರೆ ಮಾಡಿ ಕೇಳಿಸಿಕೊಳ್ಳುತ್ತಿದ್ದಳು.

ಸುಧಾ ಚಪ್ಪಲಿ ಕಳಚಿಟ್ಟಳು. ಕೂಗುವುದು ಅವಳ ಮೈಯ ಅಭ್ಯಾಸ. ಕೂಗು ಹೊಟ್ಟೆಯಿಂದ ಎದ್ದು ಗಂಟಲಿಗೆ ಬಂದು ಕುಳಿತಿತ್ತು. ಸೆರಗನ್ನು ಮುದ್ದೆ ಮಾಡಿ ಬಾಯಿಗೆ ತುರುಕಿಕೊಂಡಳು. ಒಂದೊಂದೇ ಹೆಜ್ಜೆ. ಇಷ್ಟು ವರ್ಷ ನನ್ನ ಮಾತನ್ನು ಯಾರೂ ಕೇಳುವುದಿಲ್ಲ ಎಂದು ಕೊರಗಿದ್ದೆನಲ್ಲ ಎಂದು ಅವಳಿಗೆ ಆಗ ಅನ್ನಿಸಿತು. ಕೇಳುವ ಕಿವಿ ಇಲ್ಲಿತ್ತು. ಇಡೀ ಮೈಯೇ ಕಿವಿಯಾಗಿ ನಿಂತಿತ್ತು.

ಹತ್ತಿರ ಬರುತ್ತಿದ್ದಂತೆ ಈರುಳ್ಳಿ ಮಡಿಯಲ್ಲಿ ಅಂಜಮ್ಮ ಸೊಂಟ ನೆಟ್ಟಗೆ ಮಾಡಿದಳು. ಅವಳ ಕಣ್ಣಿಗೆ ಮೊದಲು ಬಿದ್ದದ್ದು ಸುಧಾ.

"ಅಯ್ಯೋ, ಅಕ್ಕ ಬಂದ್ರಾ! ಅಂಬೀ, ಸುಧತ್ತೆ ಬಂದ್ಲು ನೋಡೇ!"

ಸುಧಾ ಎರಡೂ ಕೈ ಎತ್ತಿ ಬೇಡ ಬೇಡ ಎಂದು ಬೀಸಿದಳು. ಅಂಬಿಯ ಮುಖ ಅರಳಿತು. ಅವಳು ಹಿಂತಿರುಗಿ ನೋಡಲಿಲ್ಲ. ಕೆಳಗೆ, ನೀರಿನ ಕಡೆಗೆ ನೋಡಿದಳು.

"ಅತ್ತೇ," ಎಂದಳು ನೀರಿಗೆ. ಮಂಡಿ ಬಗ್ಗಿಸಿದಳು.

ಸುಧಾ ಓಡಿದಳು. ಕೈಗೆ ಸಿಕ್ಕಿದ್ದು ಕ್ಯಾನು ಕಟ್ಟಿದ್ದ ಸೀರೆಯಂಚು. ಆ ಸೆಳೆತಕ್ಕೆ ಇಬ್ಬರೂ ಪ್ಲಾಸ್ಟಿಕ್ಕಿನ ಮೇಲೆ ಬಿದ್ದು ಜಾರಿದರು. ಕಾಲಿನ ಕೆಳಗೆ ಏನೂ ಇರಲಿಲ್ಲ. ಎಲ್ಲ ಕಡೆಯೂ ಎಣ್ಣೆ ಸವರಿದಂತೆ ನುಣುಪು. ಸುಧಾಳ ಸೊಂಟದ ತನಕ ನೀರು ಬಂದಾಗ ಪಂಪಿನ ಪೈಪು ಮೊಣಕೈಗೆ ಬಡಿಯಿತು. ಅದನ್ನು ತೋಳಲ್ಲಿ ತಬ್ಬಿಕೊಂಡಳು. ಇನ್ನೊಂದು ಕೈಯಲ್ಲಿ ಅಂಬಿ ಕೊಸರಾಡುತ್ತಿದ್ದಳು, ಮೇಲಕ್ಕಲ್ಲ, ಕೆಳಕ್ಕೆ.

"ಬಿಡು! ಅತ್ತೆ ಅದಾಳೆ ಅಲ್ಲಿ, ಬಿಡು!"

ಅಂಜಮ್ಮ ಕಿರುಚುತ್ತ ಬಂದು ಏರಿಯ ಮೇಲೆ ಬೋರಲು ಬಿದ್ದು ಕೂಸಿನ ಜುಟ್ಟು ಹಿಡಿದಳು, ಆಮೇಲೆ ರಟ್ಟೆ ಹಿಡಿದಳು. ಅವಳ ಕೂಗಿಗೆ ಆಚೆ ಹೊಲದ ಜಂಪಣ್ಣ ಓಡಿ ಬಂದ. ಅವನು ಹಗ್ಗ ಎಸೆದು ಸುಧಾಳನ್ನು ಎಳೆಯುವ ಹೊತ್ತಿಗೆ ಅವಳ ತೋಳಿನ ಚರ್ಮ ಸುಲಿದಿತ್ತು. ಬಾಯಿಯೊಳಗಿನ ಸೆರಗು ಹಾಗೇ ಇತ್ತು.

ಅಂಜಮ್ಮ ಮಗಳಿಗೆ ಹೊಡೆದಳು, ಅಪ್ಪಿಕೊಂಡಳು, ಮತ್ತೆ ಹೊಡೆದಳು. ಅಂಬಿ ಅಳಲಿಲ್ಲ. ಮಣ್ಣಿನಲ್ಲಿ ಒದ್ದೆಯಾಗಿ ಕುಳಿತಿದ್ದ ಸುಧಾಳನ್ನು ದಿಟ್ಟಿಸುತ್ತಿದ್ದಳು.

"ನಿಮ್ಮತ್ತೆ ಇಲ್ಲೇ ಅದಾಳಲ್ಲೇ," ಎಂದಳು ಅಂಜಮ್ಮ.

"ಇವಳು ಬ್ಯಾರೆ," ಎಂದಳು ಅಂಬಿ. "ಇವಳು ಮಾತೇ ಆಡಲ್ಲ. ಅತ್ತೆ ಕೆಳಗೆ ಅದಾಳೆ."

ಸುಧಾ ಸೆರಗು ಉಗುಳಿ, ಏರಿಯಿಂದ ದೂರ ಬೇವಿನ ಮರದವರೆಗೂ ಅವಳನ್ನು ಎತ್ತಿಕೊಂಡು ಹೋಗಿ, ಕೆಳಗಿಳಿಸದೆ ಮಾತಾಡಿದಳು. "ನಾನೇ ಕಣವ್ವ ಸುಧತ್ತೆ. ನೀರಿನಾಗೆ ಯಾರೂ ಇಲ್ಲ. ನಾನು ಇಲ್ಲಿ ಇದೀನಿ." ಅಂಬಿ ಗಮನವಿಟ್ಟು ಕೇಳಿದಳು. ಕೇಳಿ, ಅವಳ ಭುಜದ ಮೇಲಿಂದ ಹೊಂಡದ ಕಡೆ ನೋಡಿ, "ಈಗ ಕರೆದ್ಲು" ಎಂದಳು.

ಜಂಪಣ್ಣ ಮುಖ ತಿರುಗಿಸಿಕೊಂಡ. ಅಂಜಮ್ಮ ಸುಧಾಳನ್ನು ನೋಡಿದ ನೋಟದಲ್ಲಿ ಭಯವಿತ್ತು. ಮಗಳ ಬಗ್ಗೆಯಲ್ಲ.

ಸುದ್ದಿ ತಿಳಿದು ಜಗಳೂರಿನಿಂದ ಕೆಂಚೇಶ ಬೈಕಿನಲ್ಲಿ ಬಂದ. ಸುಧಾ ಅವನಿಗೆ ಒಂದೇ ಮಾತು ಹೇಳಿದಳು. "ಮೋಟರ್ ಹಾಕು. ಹೊಂಡ ಖಾಲಿ ಮಾಡು."

"ಅಕ್ಕ, ಈರುಳ್ಳಿಗೆ ಇಟ್ಕಂಡಿರೋ ನೀರು ಅದು. ಬೇಲಿ ಕಟ್ತೀನಿ. ಇವತ್ತೇ ಕಟ್ತೀನಿ."

"ಬೇಲಿ ನಾಯಿಗೆ ಸಾಕು. ಇವಳಿಗೆ ತಳ ಕಾಣ್ಬೇಕು."

ಕೆಂಚೇಶ ಅಕ್ಕನ ಸುಲಿದ ತೋಳು ನೋಡಿದ, ಮಗಳನ್ನು ನೋಡಿದ. ಹೋಗಿ ಮೋಟರಿನ ಗುಂಡಿ ಒತ್ತಿದ. ನೀರು ಮಡಿಗಳಿಗೆ ನುಗ್ಗಿತು, ಮಡಿ ತುಂಬಿ ಬದುವಿಗೆ ಹರಿಯಿತು, ಬದು ದಾಟಿ ಕಾಲುದಾರಿಗೆ ಹರಿಯಿತು. ಯಾರೂ ಊಟಕ್ಕೆ ಏಳಲಿಲ್ಲ. ಅಂಬಿ ಅತ್ತೆಯ ತೊಡೆಯ ಮೇಲೆ ಕುಳಿತು ಏರಿಯಿಂದ ನೋಡುತ್ತಿದ್ದಳು. ಸುಧಾ ಅವಳ ಸೊಂಟವನ್ನು ಎರಡೂ ಕೈಯಲ್ಲಿ ಬಳಸಿದ್ದಳು. ನೀರು ಇಳಿದಂತೆ ಪ್ಲಾಸ್ಟಿಕ್ಕಿನ ಕಪ್ಪು ಅಗಲವಾಗುತ್ತ ಹೋಯಿತು. ಪಾಚಿ ಕಂಡಿತು. ಒಂದು ಚಪ್ಪಲಿ, ಒಂದು ಚೊಂಬು, ಸತ್ತ ಓತಿ. ಇಳಿಬಿಸಿಲಿನ ಹೊತ್ತಿಗೆ ಮೋಟರು ಗಾಳಿ ನುಂಗಿ ಗೊರಗೊರ ಎಂದಿತು. ತಳದಲ್ಲಿ ಅಂಗೈಯಗಲ ಕೆಸರು ಉಳಿಯಿತು.

"ನೋಡಿದ್ಯಾ ಮಗಾ? ಯಾರಾದ್ರೂ ಅದಾರಾ?"

ಅಂಬಿ ಬಹಳ ಹೊತ್ತು ನೋಡಿದಳು. ನಾಲ್ಕೂ ಮೂಲೆ ನೋಡಿದಳು. "ಯಾರೂ ಇಲ್ಲ," ಎಂದು ಒಪ್ಪಿಕೊಂಡಳು. ಬಿಗಿಯಾಗಿದ್ದ ಅವಳ ಮೈ ಸಡಿಲಾಗಿ ಅತ್ತೆಯ ಎದೆಗೆ ಒರಗಿತು. ಅಂಜಮ್ಮ ದೇವರಿಗೆ ಕೈ ಮುಗಿದು ಕಣ್ಣೊರೆಸಿಕೊಂಡಳು. ಕೆಂಚೇಶ ಮೋಟರು ನಿಲ್ಲಿಸಿದ. ಒಮ್ಮೆಲೆ ಹೊಲವೆಲ್ಲ ನಿಶ್ಶಬ್ದವಾಯಿತು.

ಆ ನಿಶ್ಶಬ್ದದಲ್ಲಿ ಅಂಬಿ ನಿಧಾನವಾಗಿ ತಲೆಯೆತ್ತಿದಳು. ಪಡುವಣ ದಿಕ್ಕಿಗೆ, ಜಂಪಣ್ಣನ ಹೊಲದ ಕಡೆಗೆ ತಿರುಗಿದಳು. ಅಲ್ಲಿ ಮೆಕ್ಕೆಜೋಳದ ಆಚೆ ಒಂದು ಹೊಂಡ ಸಂಜೆಯ ಬೆಳಕಿಗೆ ಕೆಂಪಾಗಿ ಮಿನುಗುತ್ತಿತ್ತು. ಅದರಾಚೆ ಇನ್ನೊಂದು. ಅದರಾಚೆಗೂ, ಕಣ್ಣು ಹೋಗುವ ತನಕ.

"ಹಂಗಾರೆ ಆ ಕಡೆ ಹೋಗ್ಯಾಳೆ," ಎಂದಳು ಅಂಬಿ.

ಸುಧಾ ಏನೋ ಹೇಳಲು ಬಾಯಿ ತೆರೆದಳು. ಕೂಸಿನ ಕತ್ತು ತಕ್ಷಣ ಓರೆಯಾದದ್ದನ್ನು ಕಂಡು, ಮುಚ್ಚಿಕೊಂಡು, ಸೊಂಟ ಬಳಸಿದ ಕೈಗಳನ್ನು ಇನ್ನಷ್ಟು ಬಿಗಿ ಮಾಡಿದಳು.